ಎರಡೂವರೆ ಗಂಟೇಲಿ ಅಮೆರಿಕಾನಾ?

ಪ್ರಶ್ನೆ: ಮಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದಾಳೆ, ಬಾಣಂತನಕ್ಕೆ ಅಂತ ನಾನೂ ನಮ್ಮೆಜಮಾನ್ರೂ ಡಿಸೆಂಬರಲ್ಲಿ ಹೊರಟಿದೀವಿ. ಟಿಕೆಟಲ್ಲಿ ಬೆಂಗಳೂರು ಬಿಡೋದು ಮಧ್ಯಾಹ್ನ 2:30, ಅಲ್ಲಿ ಇಳಿಯೋದು ಅದೇ ದಿನ ಸಂಜೆ 5:00 ಅಂತಿದೆ. ವಾಪಸ್ ಬರೋವಾಗ ಶನಿವಾರ ರಾತ್ರಿ 8:30ಕ್ಕೆ ಹತ್ತಿದ್ರೆ ಇಳಿಯೋದು ಸೋಮವಾರ ಬೆಳಗಿನ ಜಾವ 3:30ಕ್ಕೆ! ದೂರ ಒಂದೇ ತಾನೆ? ಅಳಿಯಂದ್ರನ್ನ ಕೇಳೋಕೆ ಸಂಕೋಚ.
– ಓದುಗರೊಬ್ಬರು, ತುಮಕೂರು

ಉತ್ತರ: ಸಂಕೋಚ ಯಾಕಮ್ಮ, ಟಿಕೆಟಲ್ಲಿ ಹಾಕಿರೋದು ಆಯಾ ಊರಿನ ಗಡಿಯಾರದ ಟೈಮು, ಅಷ್ಟೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ 13 ಗಂಟೆ 30 ನಿಮಿಷ ಹಿಂದೆ ಇರತ್ತೆ, ಹಾಗಾಗಿ ನಿಮ್ಮ ಎರಡೂವರೆ ಗಂಟೆಗೆ ಅದನ್ನ ಸೇರಿಸಿ, 16 ಗಂಟೆ ಆಯ್ತು. ಬರೋವಾಗ 31 ಗಂಟೆ ಕಾಣ್ಸತ್ತಲ್ಲ, ಅದ್ರಲ್ಲಿ ಹದಿಮೂರೂವರೆ ಕಳೀರಿ, ಹದಿನೇಳೂವರೆ ಉಳಿಯತ್ತೆ.

ಈಗ ನೀವು ಕೇಳ್ಬೋದು, ಆ ಒಂದೂವರೆ ಗಂಟೆ ವ್ಯತ್ಯಾಸ ಯಾಕೆ ಅಂತ. ಮಜಾ ಇರೋದೇ ಅಲ್ಲಿ. ಎರಡೂ ಊರಿಗೆ ನೇರ ದೂರ ಸುಮಾರು 14,000 ಕಿಲೋಮೀಟರ್, ಆದ್ರೆ ವಿಮಾನ ಹಾರೋ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸ್ತಿರತ್ತೆ, ಜೆಟ್ ಸ್ಟ್ರೀಮ್ ಅಂತಾರೆ, ಚಳಿಗಾಲದಲ್ಲಂತೂ ಕೆಲವು ಕಡೆ ಗಂಟೆಗೆ 200 ಕಿಲೋಮೀಟರ್ ದಾಟತ್ತೆ, ಅದು ಬೆನ್ನಿಗೆ ಸಿಕ್ಕಿದ್ರೆ ಸೈಕಲ್ಲಲ್ಲಿ ಇಳಿಜಾರು ಸಿಕ್ಕ ಹಾಗೆ, ಎದುರಿಗೆ ಬಂದ್ರೆ ಏರು. 2016ರಲ್ಲಿ ಏರ್ ಇಂಡಿಯಾದವ್ರು ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನಾನ ಅಟ್ಲಾಂಟಿಕ್ ಕಡೆಯಿಂದ ಬಿಡಿಸಿ, ಈ ಗಾಳಿ ಬೆನ್ನಿಗೆ ಸಿಗ್ಲಿ ಅಂತ ಪೂರ್ವಕ್ಕೆ, ಪೆಸಿಫಿಕ್ ಮೇಲೆ ತಿರುಗಿಸಿದ್ರು. ಹಳೇ ದಾರಿ ಸುಮಾರು 13,900 ಕಿಲೋಮೀಟರ್, ಹೊಸಾದು 15,300. ಸಾವಿರದ ನಾನೂರು ಕಿಲೋಮೀಟರ್ ಜಾಸ್ತಿ ಸುತ್ತಿ ಮುಂಚೇನೇ ಇಳಿದ್ರು ನೋಡಿ, ಹದಿನಾಲ್ಕೂವರೆ ಗಂಟೇಲಿ! ಅದಕ್ಕೇ ಕಿಲೋಮೀಟರ್ ಲೆಕ್ಕ ಹಾಕಿ ವೇಗದಿಂದ ಭಾಗಿಸೋದು ಬಸ್ಸಿಗೆ ಸರಿ ಹೋದ್ರೂ ವಿಮಾನಕ್ಕೆ ಹೊಂದಲ್ಲ.

ಇನ್ನೊಂದು, ಬೆಂಗಳೂರಿಗೂ ಆ ಊರಿಗೂ ಹತ್ತಿರದ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹೋಗತ್ತೆ. ನಂಬಿಕೆ ಬರ್ದಿದ್ರೆ ಮನೇಲಿ ಗ್ಲೋಬ್ ಇದ್ರೆ ಒಂದು ದಾರ ಎಳೆದು ನೋಡಿ, ಗೋಡೆ ಮೇಲಿನ ಮ್ಯಾಪಲ್ಲಿ ಇದು ಗೊತ್ತಾಗಲ್ಲ. 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಮೊದಲನೇ ನೇರ ವಿಮಾನಾನ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತೆ ಅವರ ಜೊತೆಯ ಹೆಣ್ಣುಮಕ್ಕಳೇ ಧ್ರುವದ ಮೇಲಿಂದ ಬೆಂಗಳೂರಿಗೆ ತಂದ್ರು, ಇಳಿದಾಗ ಇಲ್ಲಿ 11ನೇ ತಾರೀಖು. ನಿಮ್ಮ ಶನಿವಾರ–ಸೋಮವಾರದ ಥರಾನೇ.

ಅಂದ ಹಾಗೆ ಮಾರ್ಚ್ ಎರಡನೇ ಭಾನುವಾರದಿಂದ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗತ್ತೆ, ಆಮೇಲೆ ವಾಪಸ್ ಬರೋದಾದ್ರೆ ಹನ್ನೆರಡೂವರೆ ಕಳೀರಿ. ಏರ್‌ಪೋರ್ಟಿಗೆ ಕರ್ಕೊಂಡು ಬರೋಕೆ ಬರೋರಿಗೆ "ಭಾನುವಾರ ರಾತ್ರಿ ಮಲಗೋ ಮುಂಚೆ ಅಲಾರಂ ಇಡಪ್ಪಾ" ಅಂತ ಬಿಡಿಸಿ ಹೇಳಿ, ಬರೀ ಸೋಮವಾರ ಅಂದ್ರೆ ಮಧ್ಯರಾತ್ರಿ ಅನ್ನೋದು ಅವರ ತಲೆಗೇ ಹೋಗಲ್ಲ.