ಸಮ ಹಂಚಿದರೂ ತಕರಾರು ಯಾಕೆ?

ತಂಡ ನಡೆಸುವವರಿಂದ ಬಂದ ನಾಲ್ಕು ಪತ್ರಗಳಿಗೆ ಈ ಸಲ ಉತ್ತರ. ಬರೆದವರ ಹೆಸರು ಕೈಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದಾಗ 11 ಮಂದಿ ಕಸೂತಿ ಹಾಕತೀವಿ. ಸೀರಿ ಆರ್ಡರ್ ಬಂದ್ರ ಎಲ್ಲಾರಿಗೂ ಸಮ ಹಂಚತೀನಿ, ರೇಟೂ ಒಂದ. ಆದ್ರೂ ಒಬ್ಬಾಕಿ ಲಗೂ ಮುಗಸ್ತಾಳ, ಇನ್ನೊಬ್ಬ ಅಕ್ಕ ಅದರ ಎರಡರಷ್ಟು ದಿನಾ ತಗೋತಾಳ. ತಡಾ ಮಾಡೂ ಅಕ್ಕಗ ಹೆಂಗ ಹೇಳ್ಲಿ?
— ಧಾರವಾಡ

ಉತ್ತರ: ಹೇಳುವ ಮೊದಲು ಇಬ್ಬರ ಸೀರೆಯ ಸೆರಗನ್ನೂ ತಿರುವಿ ಹಿಂಬದಿ ನೋಡಿ. ಬೇಗ ಮುಗಿದದ್ದರಲ್ಲಿ ಗಂಟು, ಜೋತುಬಿದ್ದ ದಾರ ಕಂಡು, ತಡವಾದದ್ದು ಎರಡೂ ಕಡೆ ಒಂದೇ ಥರ ಇದ್ದರೆ, ನಿಮ್ಮ ಪ್ರಶ್ನೆಯೇ ಬದಲಾಗುತ್ತದೆ.

ಕಸೂತಿ ಅಂದರೆ ಒಂದೇ ಕೆಲಸವಲ್ಲ, ಅದರಲ್ಲಿ ಗಾವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಗಾವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತದೆ, ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಹೋಗುವಾಗ ಒಂದು ಎಳೆ ತಪ್ಪಿ ಎಣಿಸಿದರೂ ಬರುವಾಗ ಗೆರೆ ಕೂಡುವುದಿಲ್ಲ. ಚಿತ್ತಾರದ ಗೋಪುರ ವಾರೆಯಾಗಿ, ಅಷ್ಟೂ ಬಿಚ್ಚಬೇಕಾಗುತ್ತದೆ. ಮುರಗಿ ಇದರದೇ ಜಾತಿ, ಮೆಟ್ಟಿಲಿನ ಹಾಗೆ ಏರುತ್ತದೆ. ಈ ಎರಡಕ್ಕೂ ಬೇಕಾದದ್ದು ಎಣಿಕೆ ಮತ್ತು ತಾಳ್ಮೆ. ನೇಗಿಯಲ್ಲಿ ಉದ್ದ ಗಿಡ್ಡ ಹೊಲಿಗೆಗಳು ಸೇರಿ ನೇಯ್ದಂತೆ ಕಾಣಬೇಕು. ಮೆಂತೆ ಅಡ್ಡಗೀಟಿನ ಹೊಲಿಗೆ, ತುಂಬುವ ಭಾಗಕ್ಕೆ ಬರುತ್ತದೆ. ಕೈ ಕೂತವರಿಗೆ ಭರಭರ ಸಾಗುತ್ತದೆ. ನಿಮ್ಮ ಒಂದೇ ರೇಟು ಮೆಂತೆಯ ವೇಗಕ್ಕೆ ಹಣ ಕೊಡುತ್ತಿದೆ, ಗಾವಂತಿಯ ಎಣಿಕೆಗೆ ಕೊಡುತ್ತಿಲ್ಲ. ತಕರಾರಿನ ಬೇರು ಅಲ್ಲಿರಬಹುದು.

ಒಂದು ಮಧ್ಯಾಹ್ನ ಎಲ್ಲರಿಗೂ 6 ಇಂಚು ಚೌಕದ, ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆ, ಒಂದೇ ದಾರ ಕೊಡಿ. ನಾಲ್ಕು ಮೂಲೆಗೆ ನಾಲ್ಕು ಹೊಲಿಗೆ, ಒಂದೊಂದಕ್ಕೆ 30 ನಿಮಿಷ. ಕೂಲಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಚಲೋ ಕೈಯೂ ನಡುಗುತ್ತದೆ. ತುಂಡಿನ ಮೇಲೆ ಹೆಸರಿನ ಬದಲು ನಂಬರ್ ಇರಲಿ. ಆಮೇಲೆ ನೋಡಬೇಕಾದದ್ದು ಮೂರು: ಎಷ್ಟು ಸಾಗಿತು, ಎಷ್ಟು ಸಲ ಬಿಚ್ಚಿದರು, ಹಿಂಬದಿ ಹೇಗಿದೆ.

ಬಟ್ಟೆಯಲ್ಲಿ ಕಾಣದ ಗುಣಗಳೂ ಇವೆ. ಎಳೆ ತಪ್ಪಿದಾಗ ಉಳಿದವರು ಯಾರ ಹತ್ತಿರ ಎದ್ದು ಹೋಗುತ್ತಾರೆ? ಕರಿ ಚಂದ್ರಕಾಳಿ ಸೀರೆಗೆ ಯಾವ ಬಣ್ಣ ಏಳುತ್ತದೆ ಎಂದು ಯಾರನ್ನು ಕೇಳುತ್ತಾರೆ? ಗಿರಾಕಿ ಕಿರಿಕಿರಿ ಮಾಡಿದಾಗ ಯಾರ ಮಾತಿಗೆ ಸುಮ್ಮನಾಗುತ್ತಾರೆ? ಎರಡು ವಾರ ಸುಮ್ಮನೆ ಗಮನಿಸಿ ಗುರುತು ಹಾಕಿಕೊಳ್ಳಿ. ನಿಮ್ಮ ಕಣ್ಣಿಗಿಂತ ಉಳಿದ ಹತ್ತು ಮಂದಿಯ ಕಾಲು ಹೆಚ್ಚು ಸರಿಯಾಗಿ ಹೇಳುತ್ತದೆ.

ಹಂಚುವಾಗ ಒಂದು ಎಚ್ಚರ. ಒಂದೇ ಸಾಲಿನ ಗಾವಂತಿಯನ್ನು ಇಬ್ಬರಿಗೆ ಕೊಡಬೇಡಿ. ಒಬ್ಬರದು ಬಿಗಿ, ಒಬ್ಬರದು ಸಡಿಲ ಇದ್ದರೆ ಅದು ಸೆರಗಿನ ಮೇಲೆ ಎದ್ದು ಕಾಣುತ್ತದೆ. ಗೋಪುರದ ಗೆರೆಗಳೆಲ್ಲ ಒಬ್ಬರಿಗೆ, ಅದರೊಳಗಿನ ಮೆಂತೆ ಇನ್ನೊಬ್ಬರಿಗೆ ಕೊಟ್ಟರೆ ಅಡ್ಡಿಯಿಲ್ಲ. ರೇಟನ್ನು ಸೀರೆಗೆ ಬದಲು ಹೊಲಿಗೆ ಮತ್ತು ಚಿತ್ತಾರಕ್ಕೆ ಕಟ್ಟಿ, ಸಂಘದ ಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಹಿಂಬದಿ ತಪಾಸಣೆ, ಬಣ್ಣ ಹೊಂದಿಸುವುದು, ಕಲಿಸುವುದು ಇವಕ್ಕೂ ಲೆಕ್ಕದಲ್ಲಿ ಪಾಲು ಇಡಿ. "ನಿಮ್ಮ ಕೈ ಭಾರಿ ಐತ್ರಿ" ಅಂದು ಪುಗಸಟ್ಟೆ ಕೆಲಸ ತೆಗೆಸುವುದು ಹೊಗಳಿಕೆಯಲ್ಲ.

ಹೊಗಳುವಾಗಲೂ ಯಾವುದಕ್ಕೆ ಎಂದು ಬಿಡಿಸಿ ಹೇಳಬೇಕು. ಬರೀ "ಚಲೋ ಆಗೇದ" ಎಂದರೆ ಏನೂ ತಿಳಿಯುವುದಿಲ್ಲ. "ಅಕ್ಕಾ, ನಿಮ್ಮ ಸೆರಗಿನ ಹಿಂದ ಒಂದ ಗಂಟೂ ಇರಲಿಲ್ಲ, ಅದಕ್ಕ ಗಿರಾಕಿ ಇನ್ನೆರಡು ಸೀರಿ ಕೊಟ್ಟಾರ" ಎಂದರೆ ಆಕೆಗೂ ಗೊತ್ತಾಗುತ್ತದೆ, ಕೇಳುವ ಉಳಿದವರಿಗೂ.

ಹಾಗಂತ ಗಾವಂತಿ ಚಲೋ ಹಾಕುವವರಿಗೆ ವರ್ಷಪೂರ್ತಿ ಗಾವಂತಿಯೇ ಕೊಟ್ಟರೆ ಕಣ್ಣು ಸೋಲುತ್ತದೆ. ಅವರು ಊರಿಗೆ ಹೋದ ವಾರ ಆರ್ಡರ್ ನಿಲ್ಲುತ್ತದೆ. ವಾರಕ್ಕೊಂದು ದಿನ ಅವರ ಪಕ್ಕ ಕಲಿಯುವವರೊಬ್ಬರನ್ನು ಕೂಡಿಸಿ. ಪ್ರತಿ ಹೊಲಿಗೆಗೂ ಕನಿಷ್ಠ ಇಬ್ಬರು ಇರಲಿ.

ಪ್ರಶ್ನೆ: ತಂಡದ ಮುಖ್ಯಸ್ಥನಿಗೆ ಎಲ್ಲರ ಕೆಲಸವೂ ಬರಬೇಕೇ?
— ಹುಬ್ಬಳ್ಳಿ

ಉತ್ತರ: ಮಾಡಲು ಬರಬೇಕಿಲ್ಲ. ಚಲೋ ಕೆಲಸ ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸಲು ಬರಲೇಬೇಕು. ಅದೂ ಬಾರದಿದ್ದರೆ ಮಾತುಗಾರರೇ ಜಾಣರಾಗಿ ಕಾಣುತ್ತಾರೆ.

ಪ್ರಶ್ನೆ: ನಾವು ಖಾರದಪುಡಿ ಮಾಡತೀವಿ, ತೊಟ್ಟು ತೆಗೆದು ಕಾಯಿ ಆರಿಸೂದೂ ನಮ್ಮದ. ವಯಸ್ಸಾದ ಅಮ್ಮ ಒಬ್ಬರು ದಿನಕ್ಕ ಎಲ್ಲಾರಕಿಂತ ಕಡಿಮಿ ಕಿಲೋ ತೊಟ್ಟು ತೆಗೀತಾರ. ಅವರಿಗೂ ಅಷ್ಟ ಪಗಾರ ಯಾಕ ಅಂತ ಹುಡುಗ್ಯಾರು ಕೇಳತಾರ.
— ಬ್ಯಾಡಗಿ

ಉತ್ತರ: ಹುಡುಗಿಯರ ಪ್ರಶ್ನೆ ತಪ್ಪಲ್ಲ, ತೂಕ ಮಾತ್ರ ಅಳೆದರೆ ಹಾಗೇ ಕಾಣುತ್ತದೆ. ಆದರೆ ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಬಣ್ಣಕ್ಕೆ, ಖಾರಕ್ಕಲ್ಲ. ಬಣ್ಣ ಬಿಟ್ಟ ಬಿಳಿ ಕಾಯಿ ಸೇರಿದರೆ ಪುಡಿ ಮಂಕಾಗುತ್ತದೆ. ಹಸಿ ಉಳಿದ ಕಾಯಿ ಬೀಸುವಾಗ ಮುದ್ದೆಗಟ್ಟುತ್ತದೆ, ಚೀಲದಲ್ಲಿ ಬೂಸರು ಹಿಡಿಯುತ್ತದೆ, ಆ ಬೂಸರಿನಿಂದ ವಿಷವೂ ಹುಟ್ಟಬಹುದು. ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನುತ್ತದೆ. ಹಸಿ ಕಾಯಿ ಸದ್ದು ಮಾಡದೆ ಬಾಗುತ್ತದೆ.

ಒಂದೇ ರಾಶಿಯಿಂದ ಪ್ರತಿಯೊಬ್ಬರಿಗೂ 5 ಕಿಲೋ ಕೊಟ್ಟು ಆರಿಸಲು ಹೇಳಿ. ಆರಿಸಿದ್ದರಲ್ಲಿ ಅರ್ಧ ಕಿಲೋ ತೆಗೆದು, ಉಳಿದುಬಿಟ್ಟ ಕೆಟ್ಟ ಕಾಯಿಗಳನ್ನು ಎಲ್ಲರ ಮುಂದೆ ಎಣಿಸಿ. ಆ ಅಮ್ಮನ ಪಾಲಿನಲ್ಲಿ ಕಡಿಮೆ ಸಿಕ್ಕರೆ ಅವರನ್ನು ತೊಟ್ಟಿನಿಂದ ಎಬ್ಬಿಸಿ ಕೊನೆಯ ಆರಿಕೆಗೆ ಕೂಡಿಸಿ, ಬೀಸಲು ಹೋಗುವ ಪ್ರತಿ ಚೀಲ ಅವರ ಕೈ ದಾಟಿಯೇ ಹೋಗಲಿ. ಪಗಾರ ಆ ಕೆಲಸಕ್ಕೆ. ಅವರದ್ದರಲ್ಲೂ ಕೆಟ್ಟ ಕಾಯಿ ಅಷ್ಟೇ ಸಿಕ್ಕರೆ, ಕೊಡುವ ಪಗಾರ ವಯಸ್ಸಿನ ಗೌರವಕ್ಕೆ ಎಂದು ನೇರವಾಗಿ ಹೇಳಿ ಎಲ್ಲರ ಒಪ್ಪಿಗೆ ಪಡೆಯಿರಿ. ಇಲ್ಲದ ಗುಣ ಹಚ್ಚಿ ಸಮರ್ಥಿಸಿದರೆ ಯಾರೂ ನಂಬುವುದಿಲ್ಲ.

ಪ್ರಶ್ನೆ: ನಮ್ಮ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಸೈನ್ ಮಾಡುವ ಹುಡುಗನಿಗೂ ಆಫ್‌ಸೆಟ್ ಮಷಿನ್ ನಡೆಸುವ ಕಾಕಾಗೂ ಆಗಿಬರುವುದಿಲ್ಲ. ಅಚ್ಚು ಕೆಟ್ಟರೆ ಒಬ್ಬರ ಮೇಲೆ ಒಬ್ಬರು ಹಾಕುತ್ತಾರೆ.
— ಗದಗ-ಬೆಟಗೇರಿ

ಉತ್ತರ: ಇಬ್ಬರ ಜ್ಞಾನವೂ ತಡವಾಗಿ ಭೇಟಿಯಾಗುತ್ತಿದೆ. ಕಂಪ್ಯೂಟರ್ ಪರದೆಯ ಬಣ್ಣ ಬೆಳಕಿನದು, ಕಾಗದದ ಬಣ್ಣ ಶಾಯಿಯದು. ಪರದೆಯಲ್ಲಿ ಹೊಳೆದ ನೀಲಿ, ಹಸಿರು ನಾಲ್ಕು ಶಾಯಿಗಳಲ್ಲಿ ಮಂಕಾಗುವುದು ಕಾಕಾನ ತಪ್ಪಲ್ಲ. ನಾಲ್ಕೂ ಬಣ್ಣ ಕೂಡಿಸಿದ ಕಪ್ಪಿನ ಮೇಲೆ ಸಣ್ಣ ಬಿಳಿ ಅಕ್ಷರ ಇಟ್ಟರೆ, ಒಂದು ಬಣ್ಣದ ಪ್ಲೇಟ್ (ಅಚ್ಚಿನ ತಗಡು) ಕೂದಲೆಳೆಯಷ್ಟು ಸರಿದರೂ ಅಕ್ಷರ ಮುಚ್ಚಿಹೋಗುತ್ತದೆ. ಕಾಕಾಗೆ ಇದು ನೋಡಿದ ಕೂಡಲೇ ತಿಳಿಯುತ್ತದೆ, ಆದರೆ ಅವರ ಕಣ್ಣಿಗೆ ಬೀಳುವಷ್ಟರಲ್ಲಿ ಪ್ಲೇಟ್ ಆಗಿಬಿಟ್ಟಿರುತ್ತದೆ. ಇನ್ನು ಆಫ್‌ಸೆಟ್‌ನಲ್ಲಿ ಶಾಯಿಯ ಜೊತೆ ಹಾಯಿಸುವ ನೀರು ಹೆಚ್ಚಾಗಿ ಬಣ್ಣ ತೆಳುವಾದರೆ, ನೀರು ಕಡಿಮೆಯಾಗಿ ಖಾಲಿ ಜಾಗಕ್ಕೂ ಶಾಯಿ ಹತ್ತಿದರೆ, ಅದು ಮಷಿನ್ನಿನ ಬಾಬತ್ತು, ಹುಡುಗನನ್ನು ಬೈದು ಪ್ರಯೋಜನವಿಲ್ಲ.

ಪ್ಲೇಟ್ ಆಗುವ ಮೊದಲು ಇಬ್ಬರೂ 10 ನಿಮಿಷ ಪ್ರೂಫ್ (ಅಚ್ಚಿಗೆ ಮುಂಚಿನ ಮಾದರಿ ಪ್ರತಿ) ಮುಂದೆ ನಿಲ್ಲಲಿ. ಕಾಕಾ ಅಕ್ಷರದ ಗಾತ್ರ, ಕಪ್ಪು, ಕಾಗದ ಶಾಯಿ ಹೀರುವ ರೀತಿ ನೋಡಲಿ. ಹುಡುಗ ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇದೆಯೇ, ಕತ್ತರಿಸುವ ಅಂಚಿನಾಚೆ 3 ಮಿಲಿಮೀಟರ್ ಬಣ್ಣ ಬಿಟ್ಟಿದೆಯೇ ನೋಡಲಿ. ಇಬ್ಬರ ಸಹಿಯೂ ಬಿದ್ದ ಪ್ರೂಫ್ ಮಾತ್ರ ಮುಂದಕ್ಕೆ. ಮೊದಲ ಹತ್ತು ಕೆಲಸಗಳಿಗೆ ನೀವೂ ಪಕ್ಕದಲ್ಲಿರಿ, ಆದರೆ ತೀರ್ಪು ಕೊಡಬೇಡಿ. ಹಿರಿಯರು ಕಂಪ್ಯೂಟರ್ ಮುಂದೆ ಬರಲು ಸಂಕೋಚಪಟ್ಟರೆ ಪ್ರೂಫನ್ನು ಮಷಿನ್ ಹತ್ತಿರವೇ ಒಯ್ಯಿರಿ.