ಗಡಿ ಗೋಡೆಗೆ ಅಷ್ಟೊಂದು ಬಾಗಿಲು ಯಾಕೆ?

ಪ್ರಶ್ನೆ: ಇಂಗ್ಲೆಂಡಿನ ಹೇಡ್ರಿಯನ್ ಗೋಡೆಗೆ ಮೈಲಿಗೊಂದು ಬಾಗಿಲಿತ್ತಂತೆ. ಶತ್ರುವನ್ನು ತಡೆಯಲು ಕಟ್ಟಿದ ಗೋಡೆಗೆ ಅಷ್ಟು ಬಾಗಿಲು ಯಾಕೆ?
— ದಾವಣಗೆರೆಯ ಓದುಗರು

ಉತ್ತರ: ದಂಡೆತ್ತಿ ಬಂದ ಸೈನ್ಯವನ್ನು ಗೋಡೆಯೊಂದೇ ತಡೆಯಲಾರದು. ಕ್ರಿ.ಶ. 122ರಲ್ಲಿ ರೋಮನ್ನರು ಕಟ್ಟಲು ಶುರುಮಾಡಿದ ಇದರ ಉದ್ದ ಸುಮಾರು 117 ಕಿ.ಮೀ. ರೋಮನ್ ಮೈಲಿಗೊಂದು, ಅಂದರೆ ಸುಮಾರು 1.48 ಕಿ.ಮೀ.ಗೊಂದು ಬಾಗಿಲಿರುವ ಪುಟ್ಟ ಠಾಣೆ. ಎರಡು ಠಾಣೆಗಳ ನಡುವೆ ಎರಡು ಕಾವಲು ಗೋಪುರ. ಹಾಗಾಗಿ ಪ್ರತಿ 500 ಮೀಟರಿಗೆ ಒಂದು ಕಾವಲು. ಸರಕು, ದನಕರು ಬಾಗಿಲಲ್ಲೇ ಹಾಯಬೇಕು. ಕದ್ದ ದನ ಹೊಡೆದುಕೊಂಡು ಹೋಗುವವನಿಗೆ ಗೋಡೆ ಹತ್ತಿಸುವ ದಾರಿಯೇ ಇಲ್ಲ. ದೊಡ್ಡ ದಾಳಿಯ ಸುಳಿವು ಸಿಕ್ಕರೆ ಸೈನಿಕರು ಇದೇ ಬಾಗಿಲುಗಳಿಂದ ಹೊರಬಿದ್ದು ಬಯಲಲ್ಲೇ ಎದುರಿಸಬಹುದಿತ್ತು.

ಗೋಡೆಯ ಉತ್ತರ ದಿಕ್ಕಿಗೆ ವಿ ಆಕಾರದ ಕಂದಕ. ಗೋಡೆಯ ಭಾರಕ್ಕೆ ಕಂದಕದ ಅಂಚು ಕುಸಿಯದಂತೆ ನಡುವೆ ಸುಮಾರು 6 ಮೀಟರ್ ಬಯಲು ಬಿಟ್ಟಿದ್ದಾರೆ. ಪೂರ್ವದ ಕೆಲವೆಡೆ ಆ ಬಯಲಲ್ಲಿ ಚೂಪು ಗೂಟಗಳ ಗುಂಡಿಸಾಲು ಸಿಕ್ಕಿದೆ. ಜನ ಗಮನಿಸದೇ ಹೋಗುವುದು ದಕ್ಷಿಣದ ಕಡೆಯನ್ನು. ಅಲ್ಲೂ ಸುಮಾರು 6 ಮೀಟರ್ ಅಗಲ, 3 ಮೀಟರ್ ಆಳದ ಕಂದಕ, ಎರಡೂ ಬದಿಗೆ ಮಣ್ಣಿನ ದಿಣ್ಣೆ. ತಮ್ಮ ಸೀಮೆಯ ಜನರೂ ಹೇಳದೆ ಕೇಳದೆ ಗೋಡೆಯ ಹತ್ತಿರ ಸುಳಿಯುವಂತಿರಲಿಲ್ಲ.

ಪ್ರಶ್ನೆ: ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಆಟದಲ್ಲಿ ಕಲ್ಲಿನ ಗೋಡೆ ಕಟ್ಟಿದರೂ ಶತ್ರು ಒಳಗೆ ನುಗ್ಗುತ್ತಾನೆ. ತಪ್ಪೆಲ್ಲಿ?
— ಹಾಸನದ ಓದುಗರು

ಉತ್ತರ: ಮೊದಲು ಲೆಕ್ಕ ಹಾಕಿ. ಮಾಮೂಲಿ ಆಟದಲ್ಲಿ ಶುರುವಿಗೆ ಸಿಗುವುದು 200 ಕಲ್ಲು. ಬಾಗಿಲಿಗೆ 30 ಹೋದರೆ ಉಳಿದ 170ಕ್ಕೆ, ಒಂದು ಚೌಕದ ಗೋಡೆ ತುಂಡಿಗೆ 5ರಂತೆ, 34 ತುಂಡು. ಬಾಗಿಲಿನ 4 ಚೌಕ ಸೇರಿ 38. ಊರಿಗೆ ಸುತ್ತು ಹಾಕಲು ಇದು ಸಾಲದು. ಕಾಡಿನಿಂದ ಕಾಡಿಗೆ, ಕಾಡಿನಿಂದ ನೀರಿಗೆ ಎಳೆಯಿರಿ. ಮುಂದೆ ಕೋಟೆಗೆ 650 ಕಲ್ಲು ಬೇಕು ಅನ್ನುವುದೂ ನೆನಪಿರಲಿ.

ನಿಮ್ಮ ಗೋಡೆ ಒಡೆಯುವುದು ಬಹುಶಃ ಶತ್ರುವಿನಿಂದಲ್ಲ. ಗೋಡೆಯಂತೆ ನಿಂತ ಕಾಡನ್ನು ನಿಮ್ಮ ಸೌದೆಯವರೇ ಕಡಿದು ದಾರಿ ಮಾಡಿಕೊಡುತ್ತಾರೆ. ಮರದ ಸಾಲು ತೆಳುವಾದ ಕಡೆ ಮೊದಲೇ ಎರಡು ತುಂಡು ಹಾಕಿಡಿ. ಇನ್ನೊಂದು, ಬಾಗಿಲು ನಿಮ್ಮವರಿಗೆ ತಾನಾಗಿ ತೆರೆಯುತ್ತದೆ. ಹಿಂದೆಯೇ ಶತ್ರುವಿನ ಕುದುರೆಯೂ ನುಗ್ಗುತ್ತದೆ. ದಾಳಿ ಕಂಡ ಕೂಡಲೇ ಬೀಗ ಹಾಕಿ. ಹಿಂದೆ ಬಿಲ್ಲುಗಾರರು ಇಲ್ಲದಿದ್ದರೆ ಗೋಡೆ ಕೊಡುವುದು ಸ್ವಲ್ಪ ಹೊತ್ತು ಮಾತ್ರ.

ಪ್ರಶ್ನೆ: ಕೃಷ್ಣಾ–ತುಂಗಭದ್ರೆಯ ನಡುವಿನ ಗಡಿಸೀಮೆಯ ರಾಯಚೂರು ಕೋಟೆ ಅಷ್ಟು ಭದ್ರವಾಗಿದ್ದರೂ 1520ರಲ್ಲಿ ಹೇಗೆ ಬಿತ್ತು?
— ಸಿಂಧನೂರಿನ ಓದುಗರು

ಉತ್ತರ: ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ವಿವರ ಹೀಗಿದೆ. ಕೋಟೆಯ ಫಿರಂಗಿಗಳು ಎತ್ತರದಲ್ಲಿದ್ದವು, ಗೋಡೆಯ ಬುಡದಲ್ಲಿ ನಿಂತವನಿಗೆ ಗುಂಡು ತಾಗುತ್ತಿರಲಿಲ್ಲ. ಕೃಷ್ಣದೇವರಾಯನ ಆಳುಗಳು ಗುದ್ದಲಿ, ಹಾರೆ ಹಿಡಿದು ಅಲ್ಲೇ ಕಲ್ಲು ಕಿತ್ತರು; ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ಹಣ ಕೊಡುತ್ತಿದ್ದರು. ಅವರನ್ನು ಹೊಡೆಯಬೇಕೆಂದರೆ ಮೇಲಿನವರು ಗೋಡೆಯಾಚೆ ಬಾಗಲೇಬೇಕು. ಆಗ ರಾಯನ ಕಡೆಗಿದ್ದ ಕ್ರಿಸ್ತೊವಾವೊ ದೆ ಫಿಗೆರೆದೊ ಮತ್ತವನ ಜೊತೆಯ ಪೋರ್ಚುಗೀಸರು ಕೋವಿಯಿಂದ ಒಬ್ಬೊಬ್ಬರನ್ನೇ ಉರುಳಿಸಿದರು. ಕೆಳಗೇನಾಗುತ್ತಿದೆ ಎಂದು ಇಣುಕಿದ ಕೋಟೆಯ ಮುಖ್ಯಸ್ಥನ ಹಣೆಗೇ ಗುಂಡು ಬಿತ್ತು. ಮಾರನೆಯ ದಿನ ಒಳಗಿನವರೇ ಬಾಗಿಲು ತೆರೆದರು.