ಲಂಕಾದ ಮೆಣಸು, ಸಾರ್ಕ್ ಒಪ್ಪಂದ ಮತ್ತು ನಮ್ಮ ಬೆಲೆ

ಪ್ರಶ್ನೆ: ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ, ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಶ್ರೀಲಂಕಾದ ಹೆಸರಲ್ಲಿ ವಿಯೆಟ್ನಾಂ ಮೆಣಸು ಬಂದು ನಮ್ಮ ಬೆಲೆ ಬಿತ್ತು ಅಂತಾರೆ. ಯುರೋಪಿನ 27 ದೇಶಗಳು ಒಂದೇ ಮಾರುಕಟ್ಟೆ ಮಾಡಿಕೊಂಡು ಚೆನ್ನಾಗಿವೆ. ದಕ್ಷಿಣ ಏಷ್ಯಾ ದೇಶಗಳ ಸಾರ್ಕ್ ಒಪ್ಪಂದದಿಂದ ನಮಗೆ ಮಾತ್ರ ಯಾಕೆ ನಷ್ಟ? ಇದನ್ನು ರದ್ದು ಮಾಡೋದೇ ಒಳ್ಳೇದಲ್ವಾ?
– ಒಬ್ಬ ಬೆಳೆಗಾರರು, ಹಾಸನ ಜಿಲ್ಲೆ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಈ ಅಂಕಣ ಶುರು ಮಾಡುವ ಮೊದಲು ನಾನು ಕೊಚ್ಚಿಯಲ್ಲಿ ಮೆಣಸು ಖರೀದಿಯ ಕೆಲಸದಲ್ಲಿದ್ದೆ. 2016ರಲ್ಲಿ ಕಿಲೋಗೆ ಆರುನೂರು ದಾಟಿದ್ದ ಬೆಲೆ 2018ರ ಹೊತ್ತಿಗೆ ನಾನೂರಕ್ಕಿಂತ ಕೆಳಗೆ ಬಿತ್ತು. ವಿಯೆಟ್ನಾಂ ವಿಪರೀತ ಬೆಳೆದದ್ದೇ ಇದಕ್ಕೆ ದೊಡ್ಡ ಕಾರಣ. ಆದರೆ ಆ ಮೆಣಸು ಸುತ್ತುದಾರಿಯಲ್ಲಿ ಒಳಗೆ ನುಸುಳಿದ್ದೂ ನಿಜ.

ಲೆಕ್ಕ ಸರಳ. ವಿಯೆಟ್ನಾಂನಿಂದ ನೇರ ತಂದರೆ ಆಮದು ಸುಂಕ ಶೇ. 50 ಅಥವಾ ಅದಕ್ಕೂ ಜಾಸ್ತಿ. ಲಂಕಾದ ಮೆಣಸಿಗೆ 2000ದಲ್ಲಿ ಜಾರಿಗೆ ಬಂದ ಭಾರತ–ಲಂಕಾ ಒಪ್ಪಂದದ ಪ್ರಕಾರ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ. ಅದು ಮೀರಿದರೆ ಸಾರ್ಕ್‌ನ ಸಾಫ್ಟಾ ಎಂಬ ಮುಕ್ತ ವ್ಯಾಪಾರ ಒಪ್ಪಂದದಡಿ ಶೇ. 8. ಇಷ್ಟು ವ್ಯತ್ಯಾಸ ಇದ್ದರೆ ಸರಕು ಕೊಲಂಬೊ ಸುತ್ತಿ ಬರದೆ ಇರುತ್ತದೆಯೇ? ಲಂಕಾದಲ್ಲೇ ಬೆಳೆದದ್ದು ಎಂದು ಸರ್ಟಿಫಿಕೇಟ್ ಹೊತ್ತ ಮೂಟೆಗಳನ್ನು ನಾನೇ ಬಿಚ್ಚಿ ನೋಡಿದ್ದೇನೆ. ಕಾಳನ್ನು ಅಂಗೈಯಲ್ಲಿ ಪುಡಿ ಮಾಡಿ ಮೂಸಿದರೆ ಲಂಕಾದ ಮೆಣಸಿನ ಘಾಟು ಇಲ್ಲ. ಅಲ್ಲಿನ ಮೆಣಸಿನಲ್ಲಿ ಖಾರ ಕೊಡುವ ಪೈಪರಿನ್ ಎಂಬ ಅಂಶ ಜಾಸ್ತಿ, ಅದು ನಾಲಿಗೆಗೇ ಗೊತ್ತಾಗುತ್ತದೆ.

ಯುರೋಪಿನಲ್ಲಿ ಈ ಸುತ್ತುದಾರಿಯಿಂದ ಲಾಭವಿಲ್ಲ. ಹೊರಗಿನ ಸರಕು ಜರ್ಮನಿಯ ಹ್ಯಾಂಬರ್ಗಿನಲ್ಲಿ ಇಳಿದರೂ ನೆದರ್ಲೆಂಡ್ಸಿನ ರೋಟರ್‌ಡ್ಯಾಮಿನಲ್ಲಿ ಇಳಿದರೂ ಒಂದೇ ಸುಂಕ. 1968ರಲ್ಲೇ ಅವರು ಹೊರಗಿನ ಸುಂಕವನ್ನು ಒಂದು ಮಾಡಿಕೊಂಡರು. ಆಮೇಲೂ 25 ವರ್ಷ ಗುಣಮಟ್ಟ, ತಪಾಸಣೆ, ಲೈಸೆನ್ಸುಗಳ ಗಂಟು ಬಿಡಿಸುತ್ತ ಕೂತರು. ಒಂದೇ ಮಾರುಕಟ್ಟೆ ಅಂತ ಆದದ್ದು 1993ರ ಜನವರಿಯಲ್ಲಿ. ಜಗಳ ಬಂದರೆ ತೀರ್ಪು ಕೊಡಲು ಲಕ್ಸೆಂಬರ್ಗಿನಲ್ಲಿ ಕೋರ್ಟಿದೆ, ಆ ತೀರ್ಪನ್ನು ಸರ್ಕಾರಗಳು ಪಾಲಿಸಲೇಬೇಕು. ಇವತ್ತು ಅವರ ವ್ಯಾಪಾರದ ಸುಮಾರು ಶೇ. 60 ಒಳಗೊಳಗೇ ನಡೆಯುತ್ತದೆ. ದಕ್ಷಿಣ ಏಷ್ಯಾದಲ್ಲಿ ಅದು ಶೇ. 5ರ ಆಸುಪಾಸು.

ನಾವು ಮಾಡಿದ್ದು ಸುಂಕ ಇಳಿಸುವ ಕೆಲಸ ಮಾತ್ರ, ಅದೂ ಅರ್ಧಂಬರ್ಧ. ಬಂಗಾಳದಲ್ಲಿ ಬಾಂಗ್ಲಾದೇಶಕ್ಕೆ ಹೋಗುವ ಪೆಟ್ರಾಪೋಲ್ ಗಡಿ ನೋಡಿ. ಭಾರತದ ಲಾರಿ ಆಚೆಯ ಬೆನಾಪೋಲ್ ಅಂಗಳದವರೆಗೆ ಹೋಗಿ ಸರಕು ಇಳಿಸಬೇಕು. ಅಲ್ಲಿಂದ ಬಾಂಗ್ಲಾ ಲಾರಿಗೆ ಮತ್ತೆ ಲೋಡು. ಹಮಾಲಿ, ಕಾಯುವ ಬಾಡಿಗೆ ಎಲ್ಲ ಸೇರಿದರೆ ಸುಂಕದಲ್ಲಿ ಉಳಿದದ್ದು ಅಲ್ಲೇ ಕರಗುತ್ತದೆ. ಪಾಕಿಸ್ತಾನದ ಜತೆಗಿನ ವ್ಯಾಪಾರವಂತೂ 2019ರಿಂದ ಹೆಚ್ಚುಕಡಿಮೆ ನಿಂತೇ ಹೋಗಿದೆ. ಸಾರ್ಕ್ ನಾಯಕರ ಶೃಂಗಸಭೆ ಕೊನೆಗೆ ನಡೆದದ್ದು 2014ರಲ್ಲಿ, ಕಠ್ಮಂಡುವಿನಲ್ಲಿ. ಹೀಗಿರುವಾಗ ನಿಮ್ಮ ಮೆಣಸಿನ ದೂರನ್ನು ಯಾವ ಮೇಜಿನ ಮೇಲೆ ಇಡೋಣ ಹೇಳಿ.

ಆದರೂ ರದ್ದು ಮಾಡಿ ಅನ್ನಲು ನನಗೆ ಮನಸ್ಸಿಲ್ಲ. ಘಾಟು ಜಾಸ್ತಿ ಇರುವ ಲಂಕಾದ ಅಸಲಿ ಮೆಣಸು ಮೆಣಸಿನ ಸತ್ವ (ಓಲಿಯೋರೆಸಿನ್) ತೆಗೆಯುವ ಕೇರಳದ ಕಾರ್ಖಾನೆಗಳಿಗೆ ನಿಜವಾಗಿಯೂ ಬೇಕು. ಅಲ್ಲಿಯೂ ಅದನ್ನು ಬೆಳೆಯುವವರು ನಿಮ್ಮಂಥವರೇ. ಮೋಸ ಅವರದ್ದಲ್ಲ, ನಡುವೆ ಕಾಗದ ತಿದ್ದಿದವರದ್ದು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿತು. ಅದರಿಂದ ಅಗ್ಗದ ಸರಕಿಗೆ ತಡೆ ಬಿತ್ತು, ಆದರೆ ಇಲ್ಲಿನ ಬೆಲೆ ಐನೂರು ಮುಟ್ಟಲು ವರ್ಷಗಳೇ ಬೇಕಾದವು.

ನಿಮ್ಮ ಬೆಳೆಗಾರರ ಸಂಘದಿಂದ ಒಂದು ಕೆಲಸ ಮಾಡಿ. ಸ್ಪೈಸಸ್ ಬೋರ್ಡಿಗೂ ನಿಮ್ಮ ಸಂಸದರಿಗೂ ಪತ್ರ ಬರೆಯಿರಿ. ಲಂಕಾದಿಂದ ಬರುವ ಮೆಣಸಿನ ಸ್ಯಾಂಪಲ್ಲನ್ನು ಬಂದರಿನಲ್ಲೇ ತೆಗೆದು ಪೈಪರಿನ್ ಪರೀಕ್ಷೆ ಮಾಡಿಸಿ, ಅನುಮಾನ ಬಂದ ಸರ್ಟಿಫಿಕೇಟನ್ನು ಕೊಲಂಬೊಗೆ ಕಳಿಸಿ ತಾಳೆ ನೋಡಿ ಎಂದು ಒತ್ತಾಯಿಸಿ.